ಬರಿದಾದ ಡಬ್ಬಿ

ಕೊಟ್ಟ ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸಬಾರದು ಎಂಬುದು ನಮ್ಮ ಹಿರಿಯರ ನಡೆ. ಡೊಂಬಿವಲಿಯ ನಮ್ಮ ಕಟ್ಟಡದಲ್ಲೂ ಅದು ನಡೆದುಬಂದಿದೆ. ನಮ್ಮ ಮನೆಯ ಹುಳಿ ಹೋದ ಡಬ್ಬಿಯಲ್ಲಿ ಧಾರವಾಡದ ಕಡೆಯ ಗೆಳೆಯರ ಮನೆಯ ಎಣ್ಣೆಗಾಯಿ ಬರುತ್ತಿತ್ತು. ಜೊತೆಗೆ ನಾಲ್ಕು ಜೋಳದ ರೊಟ್ಟಿ.

೨೦೨೦ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಬಂತು, ಲೋಕಲ್ ಗಾಡಿಗಳು ನಿಂತವು. ಸರಕಾರಿ ನೌಕರರಾದ ನಮಗೆ ಸಂಬಳ ತಪ್ಪಲಿಲ್ಲ. ಖಾಸಗಿ ಕೆಲಸದ ಆ ಗೆಳೆಯರಿಗೆ ತಪ್ಪಿತು. ಕೆಲ ದಿನಗಳಲ್ಲಿ ನಮ್ಮ ಡಬ್ಬಿಯನ್ನೇ ಅವರು ಒಲ್ಲೆನ್ನತೊಡಗಿದರು. ‘ಊಟ ಆಗೇದ್ರಿ’ ಎಂಬ ಒಂದೇ ಮಾತು. ಬಿಗುಮಾನವೆಂದು ನಾವು ಬೇಸರಿಸಿದೆವು. ತಿರುಗಿ ತುಂಬಿಸಲು ಅವರಲ್ಲಿ ಏನೂ ಉಳಿದಿಲ್ಲವೆಂದು ತಿಳಿದಾಗ ನಾಚಿಕೆ ನಮ್ಮದಾಯಿತು.

ಮದುವೆಮನೆಯ ಮುಯ್ಯಿಗೆ ಲೆಕ್ಕವಿರಲಿ, ಅನ್ನಕ್ಕೂ ಬೇಕೆ? ಶರಣರ ದಾಸೋಹದಲ್ಲಿ ನೀಡುವವನೇ ದಾಸ. ಸರಿ, ಆದರೆ ಬರೀ ಪಡೆಯುತ್ತಲೇ ಇರಬೇಕಾದವನ ಮಾನದ ಗತಿಯೇನು?

ಮರುದಿನ ನಾವು ಜೋಳದ ಹಿಟ್ಟು, ಬದನೆಕಾಯಿ ಹಿಡಿದು ಅವರ ಬಾಗಿಲಿಗೆ ಹೋದೆವು. ‘ಅಕ್ಕಾ, ರೊಟ್ಟಿ ಬಡಿಯೋದು ನಮಗೆ ಬರೋಲ್ಲ, ಕಲಿಸಿಕೊಡಿ’ ಎಂದೆವು. ಅದು ಸುಳ್ಳೇನೂ ಅಲ್ಲ. ಆಕೆ ನಕ್ಕು ಒಲೆ ಹಚ್ಚಿದರು. ಎರಡೂ ಮನೆಯವರು ಕೂಡಿ ಉಂಡೆವು.

ಕೊಡುವುದು ನಮಗೆ ಗೊತ್ತಿತ್ತು. ಕೇಳಿ ಪಡೆಯುವುದೂ ಗೆಳೆತನದ ಧರ್ಮವೆಂದು ಅಂದು ತಿಳಿಯಿತು.