ಕುಂಡದೊಳಗಿನ ಆಲ

ನಮ್ಮ ಮನೆಯ ಮಾಳಿಗೆಯ ಮೇಲೆ ಒಂದು ಆಲದ ಮರವಿದೆ ಎಂದರೆ ಊರಿನಿಂದ ಬಂದ ನೆಂಟರು ನಗುತ್ತಾರೆ. ಮೇಲೆ ಕರೆದುಕೊಂಡು ಹೋಗಿ ತೋರಿಸಿದರೆ ಇನ್ನೂ ಹೆಚ್ಚು ನಗುತ್ತಾರೆ. ಎತ್ತರ ಒಂದೂವರೆ ಅಡಿ, ವಯಸ್ಸು ಹನ್ನೊಂದು ದಾಟಿದೆ. ಕಾಂಡ ಮಾತ್ರ ನನ್ನ ಮಣಿಕಟ್ಟಿಗಿಂತ ದಪ್ಪ. ಜಪಾನಿಯರು ಇದನ್ನು ಬೋನ್ಸಾಯ್ ಎನ್ನುತ್ತಾರೆ. ತಟ್ಟೆಯಲ್ಲಿ ನೆಟ್ಟದ್ದು ಎಂದಷ್ಟೇ ಆ ಮಾತಿನ ಅರ್ಥ.

ಅದು ನಮ್ಮ ಮನೆಗೆ ಬಂದ ಬಗೆ ಹೀಗೆ. 2014ರ ಅಕ್ಟೋಬರ್ 12, ಭಾನುವಾರ, ಹುದ್‌ಹುದ್ ಚಂಡಮಾರುತ ವಿಶಾಖಪಟ್ಟಣಕ್ಕೆ ಅಪ್ಪಳಿಸಿತು. ಗಾಳಿಯ ವೇಗ ಗಂಟೆಗೆ 180 ಕಿಲೋಮೀಟರಿನಷ್ಟು. ಆಗ ಇಲ್ಲಿದ್ದ ನಮ್ಮ ಸಂಘದ ಹಿರಿಯರಿಗೆ ಅದನ್ನು ವರ್ಣಿಸಿ ಹೇಳಬೇಕಾಗಿಲ್ಲ. ಮಾರನೆಯ ದಿನ ಒನ್ ಟೌನಿನ ನಮ್ಮ ಗಲ್ಲಿಯಿಂದ ಹೊರಬಂದು ಹಳೆಯ ಅಂಚೆ ಕಚೇರಿಯ ಕಡೆಗೆ ನಡೆದರೆ ದಾರಿಗೆ ಅಡ್ಡಲಾಗಿ ಒಂದು ಆಲ ಬಿದ್ದಿತ್ತು. ಕೂಲಿಯವರು ಗರಗಸ ಹಿಡಿದಿದ್ದರು. ಕೊಯ್ದಲ್ಲೆಲ್ಲ ಹಾಲು ಸುರಿಯುತ್ತಿತ್ತು. ನಾನು ಮೂರು ರೆಂಬೆ ತುಂಡು ಮಾಡಿಸಿಕೊಂಡೆ.

ಬಿ.ಎಸ್‌ಸಿ.ಯಲ್ಲಿ ಓದಿದ ಸಸ್ಯಶಾಸ್ತ್ರ ಕಚೇರಿಯ ಕಡತಗಳ ನಡುವೆ ಎಂದೋ ಮರೆತುಹೋಗಿತ್ತು. ಆದರೂ ಆಲ ಕೊಂಬೆಯಿಂದ ಸುಲಭವಾಗಿ ಬೇರು ಬಿಡುತ್ತದೆ, ಅರಳಿ ಹಟ ಮಾಡುತ್ತದೆ ಎಂಬುದು ನೆನಪಿತ್ತು. ಎಲೆಗಳನ್ನು ಕಿತ್ತು, ಗಿಣ್ಣಿನ ಕೆಳಗೆ ಓರೆಯಾಗಿ ಕೊಯ್ದು, ಹಾಲು ನಿಲ್ಲುವ ತನಕ ನೀರಿನಲ್ಲಿಟ್ಟು, ಮರಳು ಬೆರೆಸಿದ ಮಣ್ಣಿನಲ್ಲಿ ಊರಿದೆ. ವಿದ್ಯುತ್ ಇಲ್ಲದೆ, ಕುಡಿಯುವ ನೀರಿಗೆ ಕೊಡ ಹಿಡಿದು ಸಾಲಿನಲ್ಲಿ ನಿಂತ ದಿನಗಳವು. ಅದರಲ್ಲೂ ಒಣ ಕಡ್ಡಿಗಳಿಗೆ ದಿನಕ್ಕೊಂದು ಲೋಟ ನೀರು ಹಾಕುತ್ತಿದ್ದ ನನ್ನನ್ನು ಮಡದಿ ನೋಡುತ್ತಿದ್ದ ನೋಟ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಒಂದು ಕಡ್ಡಿ ಕೊಳೆಯಿತು. ಎರಡು ಚಿಗುರಿದವು.

ಕೆಲವು ವರ್ಷಗಳ ಮೇಲೆ ಒಂದು ದಿನ ನಾನು ಕುಂಡದಿಂದ ಗಿಡವನ್ನು ಎತ್ತಿ ಬೇರು ಸವರುತ್ತಿದ್ದೆ. ಮನೆಯ ಒಡೆಯರ ತಾಯಿ, ನಾವೆಲ್ಲ ಮಾಮ್ಮಗಾರು ಎಂದು ಕರೆಯುವ ಮುದುಕಿ, ಹಪ್ಪಳ ಒಣಗಿಸಲು ಬಂದವರು ನಿಂತು ನೋಡಿದರು. “ಬಾಬೂ, ಬಿದ್ದ ಮರ್ರಿಚೆಟ್ಟನ್ನು ಬದುಕಿಸಿದೆ ಅಂತ ಸಂತೋಷಪಟ್ಟಿದ್ದೆ. ಈಗ ಅದರ ಕಾಲು ಕತ್ತರಿಸ್ತಾ ಕೂತಿದ್ದೀಯಲ್ಲ!” ಎಂದರು, ತೆಲುಗಿನಲ್ಲಿ.

ನನಗೆ ತಿಳಿದ ಉತ್ತರವನ್ನೆಲ್ಲ ಹೇಳಿದೆ. ಗಿಡಕ್ಕೆ ನರಗಳಿಲ್ಲ, ನಮ್ಮಂತೆ ನೋವಿಲ್ಲ. ಬೇರು ಸವರಿದರೆ ಹೊಸ ಬೇರು ಬರುತ್ತದೆ. ಅಂಗೈಯಗಲದ ಎಲೆ ವೀಳ್ಯದೆಲೆಗಿಂತ ಚಿಕ್ಕದಾದುದು ಕಾಯಿಲೆಯಿಂದಲ್ಲ. ಮೇಕೆ ಮೇಯ್ದ ಗಿಡವೂ ಕುಳ್ಳಾಗಿಯೇ ಇರುತ್ತದೆ. ನಿಮ್ಮ ಗೋಡೆಯಲ್ಲೇ ಹುಟ್ಟಿದ ಅರಳಿಯನ್ನು ನೋಡಿ, ಎಷ್ಟು ವರ್ಷವಾದರೂ ಮೊಳದುದ್ದ ದಾಟಿಲ್ಲ. ಅವರು ವಾದಕ್ಕೆ ನಿಲ್ಲದೆ ಹಪ್ಪಳ ಹರವಿ ಇಳಿದು ಹೋದರು. ನನ್ನ ವಾದ ಸುಳ್ಳಲ್ಲ, ಇಂದಿಗೂ ಅದನ್ನು ನಂಬುತ್ತೇನೆ. ಆದರೆ ಅದು ಅವರ ಪ್ರಶ್ನೆಗೆ ಉತ್ತರವಾಗಿರಲಿಲ್ಲ.

ಉತ್ತರ ದೊರೆತದ್ದು 2019ರ ಮೇ ತಿಂಗಳಲ್ಲಿ, ಬಹಳ ಬೆಲೆ ತೆತ್ತು. ಅರಸೀಕೆರೆಯಲ್ಲಿ ತಂಗಿಯ ಮಗಳ ಮದುವೆ. ಒಂಬತ್ತು ದಿನ ಮನೆಗೆ ಬೀಗ. ಯಾರಿಗೂ ತೊಂದರೆ ಕೊಡಬಾರದೆಂದು ಬಕೆಟ್ಟಿನಿಂದ ಎರಡು ಕುಂಡಗಳಿಗೂ ಬಟ್ಟೆಯ ಬತ್ತಿ ಇಳಿಬಿಟ್ಟು, ನನ್ನ ಬುದ್ಧಿಗೆ ನಾನೇ ಮೆಚ್ಚಿಕೊಂಡು ರೈಲು ಹತ್ತಿದೆ. ಬಂದು ನೋಡಿದರೆ ಒಂದು ಬತ್ತಿ ಜಾರಿತ್ತು. ಆ ಗಿಡದ ಎಲೆಗಳು ಮುಟ್ಟಿದರೆ ಪುಡಿಯಾದವು. ಉಗುರಿನಿಂದ ತೊಗಟೆ ಕೆರೆದೆ, ಒಳಗೆ ಹಸುರಿಲ್ಲ. ಬಕೆಟ್ಟಿನಲ್ಲಿ ನೀರು ಅರ್ಧ ಉಳಿದಿತ್ತು, ಗಿಡದಿಂದ ಒಂದು ಗೇಣು ದೂರದಲ್ಲಿ.

ತಲೆಯೆತ್ತಿದರೆ ಎದುರಿಗೆ ಗೋಡೆಯ ಅರಳಿ. ಯಾವುದೋ ಕಾಗೆ ಹಾಕಿದ ಬೀಜ. ಮನೆಯ ಒಡೆಯರು ಅದನ್ನು ನಾಲ್ಕು ಸಲ ಕತ್ತಿಯಿಂದ ಕಡಿದಿದ್ದಾರೆ, ಒಮ್ಮೆ ಆಸಿಡ್ ಕೂಡ ಸುರಿದಿದ್ದಾರೆ. ಅದು ಗಾರೆಯ ಸಂದಿನಲ್ಲಿ ಬೇರಿಳಿಸಿ ಕೆಳಗಿನ ಚರಂಡಿಯ ತೇವವನ್ನು ಮುಟ್ಟಿ, ಅಂಥ ಬಿಸಿಲಿನಲ್ಲೂ ತಾಮ್ರದ ಬಣ್ಣದ ಚಿಗುರು ಬಿಟ್ಟುಕೊಂಡು ನಿಂತಿತ್ತು. ದ್ವೇಷಿಸಲ್ಪಟ್ಟ ಮರ ಬದುಕಿತ್ತು, ಪ್ರೀತಿಸಲ್ಪಟ್ಟದ್ದು ಸತ್ತಿತ್ತು.

ಎರಡೂ ಕುಳ್ಳು ಮರಗಳೇ. ನಾನು ಆಲದಿಂದ ಕಿತ್ತುಕೊಂಡದ್ದು ಎತ್ತರವನ್ನಲ್ಲ, ನೀರನ್ನು ತಾನೇ ಹುಡುಕಿಕೊಳ್ಳುವ ಶಕ್ತಿಯನ್ನು. ಹಾಗೆ ಕಿತ್ತುಕೊಂಡ ಮೇಲೆ ಆ ಹುಡುಕಾಟ ನನ್ನ ಹೆಗಲಿಗೆ ಬಂತು, ಒಂಬತ್ತು ದಿನದ ರಜೆಯೂ ಇಲ್ಲದ ಹಾಗೆ. ಬೇರು ಸವರುವುದು ತಪ್ಪೇ ಎಂದು ಮಾಮ್ಮಗಾರು ಕೇಳಿದ್ದರೆಂದು ನಾನು ತಿಳಿದಿದ್ದೆ. ಸವರಿದ ಮೇಲೆ ಎಷ್ಟು ದಿನ ಜೊತೆಗಿರುತ್ತೀಯ ಎಂಬುದೂ ಆ ಪ್ರಶ್ನೆಯೊಳಗಿತ್ತು. ಈ ಮಾತನ್ನು ಮಕ್ಕಳನ್ನು ಬೆಳೆಸುವುದರ ತನಕ ಎಳೆಯಬೇಡಿ ಎಂದು ಮಡದಿ ಎಚ್ಚರಿಸಿದ್ದಾಳೆ, ಎಳೆಯುವುದಿಲ್ಲ.

ವಾಷಿಂಗ್ಟನ್ನಿನ ರಾಷ್ಟ್ರೀಯ ಸಸ್ಯೋದ್ಯಾನದಲ್ಲಿ ಒಂದು ಬಿಳಿ ಪೈನ್ ಬೋನ್ಸಾಯ್ ಇದೆ. 1625ರಿಂದ ಕುಂಡದಲ್ಲಿ ಬೆಳೆದದ್ದು. 1945ರ ಆಗಸ್ಟ್ 6ರಂದು ಹಿರೋಷಿಮಾದಲ್ಲಿ ಬಾಂಬು ಬಿದ್ದಾಗ ಎರಡು ಮೈಲಿಗೂ ಕಡಿಮೆ ದೂರದಲ್ಲಿ, ಯಮಾಕಿ ಮನೆತನದವರ ತೋಟದ ಗೋಡೆಯ ಮರೆಯಲ್ಲಿತ್ತು; ಉಳಿಯಿತು. 1976ರಲ್ಲಿ ಅದೇ ಅಮೆರಿಕಕ್ಕೆ ಕಾಣಿಕೆಯಾಗಿ ಹೋಯಿತು. ಅದು ಹಿರೋಷಿಮಾದಲ್ಲಿ ಬದುಕುಳಿದ ಮರವೆಂದು ಅಲ್ಲಿಯವರಿಗೆ ತಿಳಿದದ್ದು 2001ರಲ್ಲಿ, ಆ ಮನೆಯ ಮೊಮ್ಮಕ್ಕಳು ನೋಡಲು ಬಂದಾಗ. ಇದನ್ನು ಓದಿದಾಗ ನನಗೆ ಬಾಂಬಿಗಿಂತ ಹೆಚ್ಚಾಗಿ ಕಾಡಿದ್ದು ನೀರಿನ ಲೆಕ್ಕ. ಸುಮಾರು ನಾನೂರು ವರ್ಷ ಯಾರೋ ಒಬ್ಬರು ಮಣ್ಣು ಮುಟ್ಟಿ ನೋಡಿ ನೀರೆರೆದಿದ್ದಾರೆ. ಯುದ್ಧ ಮುಗಿದ ಆ ವಾರದಲ್ಲೂ.

ನನ್ನಂಥ ಗುಮಾಸ್ತನಿಗೆ ಅಂಥ ವಂಶಾವಳಿ ಎಲ್ಲಿಂದ ಬರಬೇಕು? ವರ್ಗಾವಣೆಯ ಮಾತು ಕಚೇರಿಯಲ್ಲಿ ಮತ್ತೆ ಕೇಳಿಬರುತ್ತಿದೆ. ಉಳಿದ ಈ ಒಂದನ್ನು ನೆಲಕ್ಕೆ ಬಿಟ್ಟುಬಿಡೋಣವೆಂದರೆ ಒನ್ ಟೌನಿನಲ್ಲಿ ಗೋಡೆಗೆ ಗೋಡೆ ತಾಗಿದ ಮನೆಗಳು. ಇಲ್ಲಿ ಆಲ ನೆಟ್ಟರೆ ಹತ್ತು ಸಂಸಾರಗಳ ಅಡಿಪಾಯಕ್ಕೆ ಕುತ್ತು. ಆದುದರಿಂದ ಕಳೆದ ಮಳೆಗಾಲದಲ್ಲಿ ಕುಂಡದ ಮರದಿಂದಲೇ ಒಂದು ರೆಂಬೆ ತೆಗೆದು ಊರಿದೆ. ಬೇರು ಬಿಟ್ಟಿದೆ. ಸಹೋದ್ಯೋಗಿಯೊಬ್ಬರಿಗೆ ಅನಕಾಪಲ್ಲಿಯ ಹತ್ತಿರ ಹೊಲವಿದೆ, ಅದರ ಬದುವಿನಲ್ಲಿ ನೆಡಲು ಒಪ್ಪಿದ್ದಾರೆ. ಅಲ್ಲಿ ಅದು ಎಷ್ಟು ಅಗಲವಾದರೂ ಆಗಲಿ.

ಕುಂಡದ್ದರ ಮಾತು ಬೇರೆ. ಮಗಳು ಬೆರಳೂರಿ ಮಣ್ಣಿನ ತೇವ ನೋಡುವುದನ್ನು ಕಲಿತಿದ್ದಾಳೆ. “ಮುಂದೆ ಇದನ್ನು ನೀನು ನೋಡಿಕೊಳ್ತೀಯೇನಮ್ಮ?” ಎಂದು ಕೇಳಿದೆ. “ನಾನೇ ಎಲ್ಲಿರ್ತೀನೋ ಗೊತ್ತಿಲ್ಲಪ್ಪ” ಎಂದಳು. ಕೇಳಬಾರದಿತ್ತು. ಆದೇಶ ಬಂದರೆ ಕುಂಡ ರೈಲಿನಲ್ಲಿ ನನ್ನ ಕಾಲ ಬಳಿಯೇ ಬರುತ್ತದೆ. ಅದರ ನೀರಿನ ಬಾಟಲಿ ಬೇರೆ ಇರಲಿ, ನಮ್ಮದನ್ನು ಮುಟ್ಟಬೇಡಿ ಎಂದು ಮಡದಿ ಈಗಲೇ ಹೇಳಿಟ್ಟಿದ್ದಾಳೆ.