ಕಂತಿನ ದಿನ ಯಾರ ಋಣ ಮೊದಲು?

ಕೊಳದ ದಂಡೆಯಲ್ಲಿ ಯಕ್ಷ ಕೇಳಿದ ಪ್ರಶ್ನೆಗಳಲ್ಲಿ ಒಂದು, ಸುಖಿ ಯಾರು ಎಂಬುದು. ಯುಧಿಷ್ಠಿರನ ಉತ್ತರದಲ್ಲಿ ಅರಮನೆ ಇಲ್ಲ, ಸ್ವರ್ಗವೂ ಇಲ್ಲ. ಸಾಲ ಇಲ್ಲದವನು, ಊರು ಬಿಟ್ಟು ಅಲೆಯದವನು, ಹೊತ್ತು ಮೀರಿಯಾದರೂ ಸರಿ ತನ್ನ ಮನೆಯಲ್ಲಿ ಸೊಪ್ಪು ಬೇಯಿಸಿ ಉಣ್ಣುವವನು ಸುಖಿ ಎಂದ. ಹೇಳಿದವನು ಜೂಜಿನಲ್ಲಿ ಮನೆ ಕಳೆದುಕೊಂಡು ಹನ್ನೆರಡು ವರ್ಷ ಕಾಡಿನಲ್ಲಿದ್ದವನು ಎಂಬುದನ್ನು ಮರೆಯಬಾರದು. ಷರತ್ತು ಮೂರೇ. ಆದರೆ ಇವತ್ತು ದಾಂಡೇಲಿಯಲ್ಲಿ ಪಗಾರದ ಮೇಲೆ ಬದುಕುವ ಕುಟುಂಬಕ್ಕೆ ಮೂರೂ ಒಟ್ಟಿಗೆ ಸಿಗುವುದು ಕಷ್ಟ. ಊರಲ್ಲೇ ಉಳಿದು ಸ್ವಂತ ಮನೆಯಲ್ಲಿ ಉಣ್ಣಬೇಕೆಂದರೆ ಸಾಲ ಮಾಡಬೇಕು. ಸಾಲ ಬೇಡ ಎಂದರೆ ಬಾಡಿಗೆ ಮನೆ, ಇಲ್ಲವೇ ಗೋವಾ, ಪುಣೆಯ ದುಡಿಮೆ.

ಸಾಲದ ಲೆಕ್ಕವನ್ನು ಒಮ್ಮೆ ಬಿಡಿಸಿ ನೋಡಬೇಕು. 15 ಲಕ್ಷ ರೂಪಾಯಿ, ಶೇ 8.5 ಬಡ್ಡಿ, 20 ವರ್ಷ ಎಂದು ಹಿಡಿದರೆ ತಿಂಗಳ ಕಂತು 13,017 ರೂಪಾಯಿ. ಬ್ಯಾಂಕಿನವರು ಕೊಡುವ ಕಂತಿನ ಪಟ್ಟಿಯ ಮೊದಲ ಸಾಲೇ ಎದೆ ಝಲ್ಲೆನಿಸುತ್ತದೆ: ಬಡ್ಡಿಗೆ 10,625, ಅಸಲಿಗೆ 2,392. ಅಸಲು ಅರ್ಧಕ್ಕೆ ಇಳಿಯುವ ಹೊತ್ತಿಗೆ ಹೆಚ್ಚುಕಡಿಮೆ 14 ವರ್ಷ ಕಳೆದಿರುತ್ತದೆ. 240 ಕಂತು ಮುಗಿದಾಗ ಕಟ್ಟಿದ ಬಡ್ಡಿಯೇ 16 ಲಕ್ಷ 24 ಸಾವಿರ. ಅದೂ ಬಡ್ಡಿದರ ಅಲುಗಾಡದಿದ್ದರೆ ಮಾತ್ರ. 2022ರ ಮೇ ತಿಂಗಳಿಂದ 2023ರ ಫೆಬ್ರುವರಿಯೊಳಗೆ ರೆಪೊ ದರ ಶೇ 4ರಿಂದ ಶೇ 6.5ಕ್ಕೆ ಏರಿದಾಗ ಎಷ್ಟೋ ಸಾಲಗಳಲ್ಲಿ ಕಂತು ಇದ್ದಷ್ಟೇ ಇತ್ತು, ಅವಧಿ ಮಾತ್ರ ಸದ್ದಿಲ್ಲದೆ ಬೆಳೆಯಿತು. ಕಂತು ಏರಿಸುವುದೋ ಅವಧಿ ಬೆಳೆಸುವುದೋ ಎಂಬ ಆಯ್ಕೆಯನ್ನು ಸಾಲಗಾರರಿಗೇ ಬಿಡಬೇಕು ಎಂದು ರಿಸರ್ವ್ ಬ್ಯಾಂಕ್ ಹೇಳಿದ್ದು 2023ರ ಆಗಸ್ಟ್‌ನಲ್ಲಿ.

ತಿಂಗಳಿಗೆ 35 ಸಾವಿರ ಕೈಗೆ ಬರುವ ಮನೆಯೊಂದನ್ನು ಊಹಿಸಿಕೊಳ್ಳಿ. 1955ರಲ್ಲಿ ಸ್ಥಾಪನೆಯಾದ ವೆಸ್ಟ್ ಕೋಸ್ಟ್ ಪೇಪರ್ ಮಿಲ್ಲನ್ನು ಸುತ್ತಿಕೊಂಡೇ ಬೆಳೆದ ದಾಂಡೇಲಿಯಲ್ಲಿ, ಇಂಥ ಮನೆಯ ಯಜಮಾನ ಮಿಲ್ಲಿನವನೇ ಇರಬಹುದು, ಗುತ್ತಿಗೆದಾರನ ಕೈಕೆಳಗಿನವನೂ ಇರಬಹುದು. ಪಗಾರ ಬಿದ್ದ ಬೆನ್ನಿಗೆ ಕಂತು ಖಾತೆಯಿಂದ ತಾನೇ ಕಡಿತವಾಗುತ್ತದೆ. ಉಳಿಯುವುದು 21,983. ಅದರಲ್ಲಿ ಕಿರಾಣಿ ಅಂಗಡಿಯ ಉದ್ರಿ ಪುಸ್ತಕ, ಗ್ಯಾಸ್ ಸಿಲಿಂಡರ್, ಮಕ್ಕಳ ಫೀ, ಭಿಶಿಯ ಪಾಲು, ಅಜ್ಜಿಯ ಬಿಪಿ ಗುಳಿಗೆ, ಬೈಕಿನ ಪೆಟ್ರೋಲ್. 2023ರಿಂದೀಚೆಗೆ ಗೃಹಲಕ್ಷ್ಮಿಯ 2,000 ರೂಪಾಯಿ ಬಂದ ತಿಂಗಳು ಉದ್ರಿ ಸ್ವಲ್ಪ ಕರಗುತ್ತದೆ, ಗೃಹಜ್ಯೋತಿಯಿಂದ ಕರೆಂಟ್ ಬಿಲ್ಲಿನ ಚಿಂತೆಯೂ ಕಡಿಮೆ. ಇಷ್ಟಾದರೂ ಸಾಲದೆ ಬಂದಾಗ ಕತ್ತರಿ ಬೀಳುವುದು ಎಲ್ಲಿಗೆ? ಬ್ಯಾಂಕಿನ ಪಾಲಿಗಂತೂ ಅಲ್ಲ. ಅಜ್ಜಿಯ ಕಣ್ಣಿನ ಪೊರೆಯ ಆಪರೇಶನ್ ದೀಪಾವಳಿ ಆಚೆಗೆ ಹೋಗುತ್ತದೆ. ತಂಗಿಯನ್ನು ಹಬ್ಬಕ್ಕೆ ಕರೆಯುವುದು ಮುಂದಿನ ವರ್ಷಕ್ಕೆ ಹೋಗುತ್ತದೆ. ಅಪ್ಪನ ತಿಥಿಗೆ ಹತ್ತು ಜನ ಉಣ್ಣುತ್ತಿದ್ದ ಕಡೆ ನಾಲ್ವರು ಉಣ್ಣುತ್ತಾರೆ. ತಾರೀಖು ಹಾಕಿ ಕೇಳುವ, ಸಾಲ ಕೊಟ್ಟವನು ಒಬ್ಬನೇ, ಆದ್ದರಿಂದ ಅವನದೇ ಮೊದಲ ಪಂಕ್ತಿ. ಗೃಹಸಾಲ ಎತ್ತುವ ಧರ್ಮದ ಪ್ರಶ್ನೆ ಇಲ್ಲಿದೆ. ಸಾಲ ಪಾಪವೇ ಎಂದು ಕೇಳುವುದು ಸುಲಭ. ಒಂದು ಮನೆ ಹೊತ್ತಿರುವ ಹತ್ತಾರು ಋಣಗಳ ಸರತಿಯನ್ನು ಒಂದು ಋಣ ಬದಲಿಸಿಬಿಟ್ಟರೆ ಏನಾಗುತ್ತದೆ ಎಂದು ಕೇಳುವುದು ಕಷ್ಟ.

ಮನುಷ್ಯ ಹುಟ್ಟುವಾಗಲೇ ಸಾಲಗಾರ ಎಂದದ್ದು ವೇದ. ತೈತ್ತಿರೀಯ ಸಂಹಿತೆ ಮೂರು ಋಣಗಳನ್ನು ಹೇಳುತ್ತದೆ: ಋಷಿಗಳದು, ದೇವತೆಗಳದು, ಪಿತೃಗಳದು. ಶತಪಥ ಬ್ರಾಹ್ಮಣ ನಾಲ್ಕನೆಯದನ್ನು ಸೇರಿಸಿತು, ಮನುಷ್ಯ ಋಣ. ಅದನ್ನು ತೀರಿಸುವ ಬಗೆಯೂ ಅಲ್ಲೇ ಇದೆ: ಬಂದವರಿಗೆ ಇರಲು ಜಾಗ ಕೊಡಬೇಕು, ಉಣ್ಣಲು ಅನ್ನ ಕೊಡಬೇಕು. ಹಾಗಾದರೆ ಮನೆ ಎಂಬುದೇ ಈ ಋಣ ತೀರಿಸುವ ಸಾಧನ. ಆ ಸಾಧನವನ್ನು ಗಳಿಸಲು ಮಾಡಿದ ಸಾಲ ಇಪ್ಪತ್ತು ವರ್ಷ ನೆಂಟರನ್ನು ಹೊಸ್ತಿಲ ಆಚೆಗೇ ನಿಲ್ಲಿಸಿದರೆ, ಒಂದು ಋಣದಿಂದ ಇನ್ನೊಂದನ್ನು ಮುಚ್ಚಿಹಾಕಿದ ಹಾಗಾಯಿತು. ಗೃಹಪ್ರವೇಶಕ್ಕೆ ಊರನ್ನೆಲ್ಲ ಕರೆದು, ಆ ಖರ್ಚಿಗೂ ಬೇರೆ ಸಾಲ ಎತ್ತಿ, ಆಮೇಲೆ ಯಾರನ್ನೂ ಕರೆಯದ ಮನೆಗಳಿಗೇನೂ ಕೊರತೆಯಿಲ್ಲ.

ಬಡ್ಡಿಯ ವಿಷಯದಲ್ಲಿ ಹಳೆಯ ಶಾಸ್ತ್ರಕಾರರು ನಾವು ಅಂದುಕೊಂಡಷ್ಟು ಸಾಧುಗಳಲ್ಲ. ಅಸಲಿನ ಎಂಬತ್ತರಲ್ಲಿ ಒಂದು ಪಾಲನ್ನು ತಿಂಗಳ ಬಡ್ಡಿಯಾಗಿ ತೆಗೆದುಕೊಳ್ಳಬಹುದು ಎಂದು ಮನು ವಸಿಷ್ಠರ ಹೆಸರು ಹೇಳಿ ಒಪ್ಪುತ್ತಾನೆ. ಅದು ವರ್ಷಕ್ಕೆ ಶೇ 15 ಆಯಿತು, ಇಂದಿನ ಗೃಹಸಾಲಕ್ಕಿಂತ ದುಬಾರಿ. ಹಳಿಯಾಳದ ಕಬ್ಬು ಬೆಳೆಗಾರರಿಗೆ ಈ ಅಂಕಿ ಬೇರೆ ಕಾರಣಕ್ಕೆ ಪರಿಚಿತ. ಕಬ್ಬು ತಲುಪಿದ 14 ದಿನದೊಳಗೆ ಕಾರ್ಖಾನೆ ಹಣ ಕೊಡದಿದ್ದರೆ ಶೇ 15ರಂತೆ ಬಡ್ಡಿ ಸೇರಿಸಬೇಕು ಎನ್ನುತ್ತದೆ 1966ರ ಕಬ್ಬು ನಿಯಂತ್ರಣ ಆದೇಶ. ಹಕ್ಕು ಕಾಗದದ ಮೇಲಿದೆ. ಆದರೆ ರೈತನ ಹಣ ವರ್ಷಕ್ಕೊಮ್ಮೆ ಬರುತ್ತದೆ, ಬ್ಯಾಂಕಿನ ಕಂತು ತಿಂಗಳಿಗೊಮ್ಮೆ ಬರುತ್ತದೆ. ನಡುವಿನ ತಿಂಗಳುಗಳಲ್ಲಿ ಬಂಗಾರ ಅಡವಿಗೆ ಹೋಗುತ್ತದೆ, ಸಂಘದ ಸಾಲ ಮನೆಗೆ ಬರುತ್ತದೆ. ಕಿರುಸಾಲದ ವಸೂಲಿಗೆ ಮನೆಬಾಗಿಲಲ್ಲಿ ಕೂತು ಕಾಡುವುದನ್ನು ತಡೆಯಲು ಕರ್ನಾಟಕ 2025ರ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆ ತರಬೇಕಾಯಿತು.

ದರದಲ್ಲಿ ಉದಾರಿಯಾದ ಮನು ಮೊತ್ತದಲ್ಲಿ ಬಿಗಿ. ಒಮ್ಮೆಗೇ ವಸೂಲು ಮಾಡುವ ಬಡ್ಡಿ ಅಸಲನ್ನು ಮೀರಬಾರದು, ಚಕ್ರಬಡ್ಡಿ ಕೂಡದು ಎಂದ. ಇದು ಬರೀ ಪುರಾಣದ ಮಾತಾಗಿ ಉಳಿಯಲಿಲ್ಲ. ಉತ್ತರ ಕನ್ನಡ 1862ರಲ್ಲಿ ಮದ್ರಾಸಿನಿಂದ ಮುಂಬಯಿ ಪ್ರಾಂತ್ಯಕ್ಕೆ ಸೇರಿತು. ಮುಂಬಯಿ ನ್ಯಾಯಾಲಯಗಳು ಹಿಂದೂ ಸಾಲಗಾರರ ಮಟ್ಟಿಗೆ ‘ದಾಮ್‌ದುಪ್ಪಟ್’ ಎಂಬ ಈ ನಿಯಮವನ್ನು ಜಾರಿಯಲ್ಲಿಟ್ಟಿದ್ದವು. ಬಾಕಿ ಬಡ್ಡಿ ಅಸಲಿನಷ್ಟಾದ ಕೂಡಲೇ ಸಾಹುಕಾರನ ಲೆಕ್ಕ ಅಲ್ಲಿಗೆ ನಿಲ್ಲುತ್ತಿತ್ತು. ಆಗಲೇ ಹೇಳಿದ 16 ಲಕ್ಷದ ಬಡ್ಡಿ ಈ ನಿಯಮ ಮುರಿಯಿತೇ ಎಂದರೆ, ಇಲ್ಲ. ಅದು ಬಾಕಿ ಬೆಳೆದದ್ದಲ್ಲ, ತಿಂಗಳು ತಿಂಗಳು ಕಟ್ಟಿದ್ದು. ತಿಂಗಳ ಕಂತಿನ ಜಾಣತನವೇ ಅದು, ಬಡ್ಡಿಗೆ ಒಂದೆಡೆ ಗುಡ್ಡೆ ಬೀಳಲು ಪುರುಸೊತ್ತೇ ಕೊಡುವುದಿಲ್ಲ. ಗುಡ್ಡೆ ಬಿದ್ದದ್ದು 2020ರಲ್ಲಿ. ಲಾಕ್‌ಡೌನಿನಲ್ಲಿ ಕಾಳಿ ನದಿಯ ರಾಫ್ಟಿಂಗ್ ನಿಂತಿತು, ಹೋಮ್‌ಸ್ಟೇಗಳಿಗೆ ಬೀಗ ಬಿತ್ತು. ಮಾರ್ಚ್‌ನಿಂದ ಆಗಸ್ಟ್‌ವರೆಗೆ ಕಂತು ಮುಂದೂಡಲು ರಿಸರ್ವ್ ಬ್ಯಾಂಕ್ ಅವಕಾಶ ಕೊಟ್ಟರೂ ಬಡ್ಡಿ ಓಡುತ್ತಲೇ ಇತ್ತು. ಆ ಆರು ತಿಂಗಳ ಬಡ್ಡಿಗೆ ಬಡ್ಡಿ ಹಾಕುವಂತಿಲ್ಲ ಎಂದು 2021ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಮನುವಿನ ಬೇರೆ ಎಷ್ಟೋ ಮಾತುಗಳನ್ನು ಸಂವಿಧಾನ ಕಸದ ಬುಟ್ಟಿಗೆ ಹಾಕಿದೆ, ಹಾಕಬೇಕಾದದ್ದೇ. ಚಕ್ರಬಡ್ಡಿಯ ಮೇಲಿನ ಸಿಟ್ಟು ಮಾತ್ರ ಉಳಿದುಕೊಂಡಿದೆ.

ಮುಂಡಗೋಡಕ್ಕೆ ಬಂದರೆ ಪ್ರಶ್ನೆಯ ದಿಕ್ಕೇ ಬೇರೆ. 1966ರಲ್ಲಿ ಶುರುವಾದ ಟಿಬೆಟನ್ ವಸಾಹತಿನ ಭೂಮಿ ಸರ್ಕಾರದ್ದು, ನಿರಾಶ್ರಿತರಿಗೆ ಗುತ್ತಿಗೆಯ ಮೇಲೆ ಸಿಕ್ಕಿದ್ದು. ಅಡವಿಡಲು ಅವರ ಬಳಿ ನೆಲವಿಲ್ಲ. ಆದರೂ ಚಳಿಗಾಲದಲ್ಲಿ ಊರೂರು ಸ್ವೆಟರ್ ಮಾರಲು ಹೋಗುವ ಟಿಬೆಟನ್ನರಿಗೆ ಲೂಧಿಯಾನದ ಸಗಟು ವ್ಯಾಪಾರಿಗಳು ಅಡವಿಲ್ಲದೆ, ನಂಬಿಕೆಯ ಮೇಲೆಯೇ ಮಾಲನ್ನು ಉದ್ರಿ ಕೊಡುವುದು ದಶಕಗಳಿಂದ ನಡೆದುಬಂದಿದೆ. ಸೀಸನ್ ಮುಗಿದ ಮೇಲೆ ಹಣ ಹಿಂದಿರುಗುತ್ತದೆ. ಪತ್ರವಿಲ್ಲದ ಕಡೆ ಮಾತೇ ಪತ್ರ. ಇದೇ ವಸಾಹತಿನ ಗಾಂಡೆನ್, ಡ್ರೆಪುಂಗ್ ಮಠಗಳಲ್ಲಿ ಪಾಲಿಸುವ ‘ವಿನಯ’ ಎಂಬ ಭಿಕ್ಷು ನಿಯಮಗಳ ಪ್ರಕಾರ ಸಾಲಗಾರನಿಗೆ ಭಿಕ್ಷು ದೀಕ್ಷೆ ಇಲ್ಲ. ದೀಕ್ಷೆಗೆ ಮುನ್ನ ಕೇಳುವ ಪ್ರಶ್ನೆಗಳಲ್ಲಿ ಸಾಲ ಉಂಟೇ ಎಂಬುದೂ ಒಂದು. ಸಂಸಾರ ಬಿಡುವ ದಾರಿ ಸಾಲ ತಪ್ಪಿಸಿಕೊಳ್ಳುವ ದಾರಿ ಆಗಕೂಡದು ಎಂಬ ಎಚ್ಚರ ಅದು.

ಗೃಹಸ್ಥನಿಗೆ ಬುದ್ಧ ಹೇಳಿದ್ದು ಇನ್ನೂ ನೇರ. ಅನಾಥಪಿಂಡಿಕನೆಂಬ ಸಿರಿವಂತನಿಗೆ ಸಂಸಾರಿಯ ನಾಲ್ಕು ಸುಖಗಳನ್ನು ಎಣಿಸಿ ಕೊಡುತ್ತಾನೆ: ಗಳಿಸಿದ ಸುಖ, ಅನುಭವಿಸುವ ಸುಖ, ಸಾಲವಿಲ್ಲದ ಸುಖ, ಕಳಂಕವಿಲ್ಲದ ಸುಖ. ಸಿಗಾಲನೆಂಬ ಯುವಕನಿಗೆ ಬಜೆಟ್ಟನ್ನೇ ಹಾಕಿಕೊಡುತ್ತಾನೆ. ಆದಾಯದಲ್ಲಿ ನಾಲ್ಕು ಪಾಲು ಮಾಡು, ಒಂದನ್ನು ಅನುಭವಿಸು, ಎರಡನ್ನು ಕಸುಬಿಗೆ ಹಾಕು, ಒಂದನ್ನು ಆಪತ್ತಿಗೆ ಇಡು. 35 ಸಾವಿರದ ನಮ್ಮ ಮನೆಗೆ ಇದನ್ನು ಹೊಂದಿಸಿದರೆ ಊಟ, ಬಟ್ಟೆ, ಔಷಧ ಎಲ್ಲ 8,750 ರೂಪಾಯಿಯಲ್ಲಿ ಮುಗಿಯಬೇಕು. ಪಗಾರದಾರನಿಗೆ ಹೂಡಲು ಕಸುಬಿಲ್ಲ, ಸರಿ. ಆದರೆ ಕಂತು ಯಾವ ಪಾಲಿಗೆ ಸೇರುತ್ತದೆ? ಅನುಭೋಗವೆಂದರೆ ಅದರ ಮಿತಿ ಮೀರಿತು. ಆಪದ್ಧನ ಎನ್ನೋಣವೆಂದರೆ, ಆಪತ್ತು ಬಂದ ದಿನ ಗೋಡೆಯಿಂದ ಇಟ್ಟಿಗೆ ಕಿತ್ತು ಆಸ್ಪತ್ರೆಯ ಬಿಲ್ ಕಟ್ಟಲಾಗದು. ಮನೆಯೇ ಉಳಿತಾಯ ಎಂದುಕೊಂಡು ಕೈಯಲ್ಲಿ ಮೂರು ತಿಂಗಳ ಖರ್ಚನ್ನೂ ಇಟ್ಟುಕೊಳ್ಳದವರು ಮೊದಲ ಕಾಯಿಲೆಗೇ ಕಂತು ತಪ್ಪಿಸುತ್ತಾರೆ. 90 ದಿನ ಬಾಕಿ ನಿಂತರೆ ಸಾಲ ಅನುತ್ಪಾದಕ, ಆಮೇಲೆ 2002ರ ಸರ್ಫೇಸಿ ಕಾಯ್ದೆಯ 60 ದಿನದ ನೋಟಿಸು.

ಜೋಯಿಡಾದ ಕಾಡಂಚಿನಲ್ಲಿ ಅಡವಿನ ಮಾತೇ ಹುಟ್ಟುವುದಿಲ್ಲ. 2006ರ ಅರಣ್ಯ ಹಕ್ಕು ಕಾಯ್ದೆಯಡಿ ಸಿಗುವ ಹಕ್ಕುಪತ್ರ ಮಕ್ಕಳಿಗೆ ಹೋಗುತ್ತದೆ, ಮಾರುವಂತಿಲ್ಲ, ವರ್ಗಾಯಿಸುವಂತಿಲ್ಲ. ಬ್ಯಾಂಕಿಗೆ ಅಂಥ ನೆಲ ಆಧಾರವಲ್ಲ. ಇದನ್ನು ವಂಚನೆ ಎನ್ನುವವರಿದ್ದಾರೆ, ರಕ್ಷಣೆ ಎನ್ನುವವರೂ ಇದ್ದಾರೆ. ಸಾಲಕ್ಕೆ ದೇಹವನ್ನೇ ಒತ್ತೆ ಇಡುವ ಜೀತ ಕಾನೂನಿನ ಕಣ್ಣಲ್ಲಿ ಸತ್ತದ್ದು 1976ರ ಕಾಯ್ದೆಯಿಂದ, ಅದು ಜೀತದ ಜೊತೆಗೆ ಜೀತದ ಸಾಲವನ್ನೂ ರದ್ದು ಮಾಡಿತು ಎಂಬುದನ್ನು ನೆನೆದರೆ, ನೆಲ ಕೈಬಿಡದಂತೆ ಕಟ್ಟಿಹಾಕಿದ ಕಾಯ್ದೆಗೆ ಅರ್ಥವಿದೆ ಅನಿಸುತ್ತದೆ.

ಸಾಲ ಹೀಗೆ ಒಂದು ದಿನ ಸಾಯಬೇಕು ಎಂಬ ಆಸೆ ಬೈಬಲ್ಲಿನದೂ ಹೌದು. ಏಳನೇ ವರ್ಷ ಸಾಲ ಬಿಡುಗಡೆ, ಐವತ್ತನೇ ವರ್ಷ ಮಾರಿದ ಹೊಲ ಮೂಲ ಮನೆತನಕ್ಕೆ ವಾಪಸು. ಮುಸ್ಲಿಮರಿಗೆ ಬಡ್ಡಿಯೇ ನಿಷಿದ್ಧ, ಸಾಲ ಮಾತ್ರ ಪವಿತ್ರ ಹೊಣೆ. ಬಾಕಿ ಉಳಿಸಿ ಸತ್ತವನ ಸಾಲಕ್ಕೆ ಯಾರಾದರೂ ಹೊಣೆ ನಿಲ್ಲುವತನಕ ಪ್ರವಾದಿಯವರು ಜನಾಝಾ ನಮಾಝ್ ಮಾಡಿಸಲಿಲ್ಲ ಎಂಬ ಹದೀಸಿದೆ. ಸಾಲವನ್ನು ಬರೆದಿಡಿ ಎಂದು ಹೇಳುವ ಆಯತ್ತೇ ಕುರ್‌ಆನಿನಲ್ಲಿ ಎಲ್ಲಕ್ಕಿಂತ ಉದ್ದನೆಯದು. ಹಳಿಯಾಳದ ಮುಸ್ಲಿಂ ಶಿಕ್ಷಕನೊಬ್ಬ ಮನೆ ಕಟ್ಟಬೇಕೆಂದರೆ ಏನು ಮಾಡಬೇಕು? ಬೇರೆ ದಾರಿಯಿಲ್ಲದ ಅಗತ್ಯವಿದ್ದರೆ ಸಾಲದ ಮನೆ ಆಗಬಹುದು ಎಂದು ಯುರೋಪಿನ ಫತ್ವಾ ಮಂಡಳಿ 1999ರಲ್ಲಿ ಅಲ್ಲಿಯ ಮುಸ್ಲಿಮರಿಗೆ ಹೇಳಿತು, ಒಪ್ಪದ ವಿದ್ವಾಂಸರೂ ಇದ್ದರು. ಬ್ಯಾಂಕೇ ಮನೆ ಕೊಂಡು, ಲಾಭ ಸೇರಿಸಿ, ಕಂತಿನಲ್ಲಿ ಮಾರುವ ಪದ್ಧತಿ ಮಲೇಷ್ಯಾದಲ್ಲಿದೆ. ಭಾರತದಲ್ಲಿ ಇಸ್ಲಾಮಿಕ್ ಬ್ಯಾಂಕಿಂಗ್ ಪ್ರಸ್ತಾವವನ್ನು ರಿಸರ್ವ್ ಬ್ಯಾಂಕ್ 2017ರಲ್ಲಿ ಕೈಬಿಟ್ಟಿತು.

ದಾಂಡೇಲಿ, ಹಳಿಯಾಳ, ಮುಂಡಗೋಡ, ಜೋಯಿಡಾ ಈ ನಾಲ್ಕು ತಾಲೂಕುಗಳಲ್ಲಿ ಲೆಕ್ಕದ ಬೇರೊಂದು ಪಾಠಕ್ಕೆ ಸಿಗುವ ಜಾಗ ಉಳವಿ. ಮಾಘದ ಜಾತ್ರೆಗೆ ಚೆನ್ನಬಸವಣ್ಣನ ಸಮಾಧಿಯತ್ತ ಧಾರವಾಡ, ಬೆಳಗಾವಿ ಕಡೆಯ ಚಕ್ಕಡಿಗಳು ಇಂದಿಗೂ ಜೋಯಿಡಾದ ಘಟ್ಟ ಹತ್ತುತ್ತವೆ. ಚೆನ್ನಬಸವಣ್ಣನಿದ್ದ ಶರಣರ ಬಳಗದಲ್ಲಿ ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ಎಂಬ ಗಂಡಹೆಂಡಿರು ಇದ್ದರು. ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತಂದು ದಾಸೋಹ ಮಾಡುವುದು ಅವರ ಕಾಯಕ. ಒಂದು ದಿನ ಮಾರಯ್ಯ ದಿನದ ಅಳತೆಗಿಂತ ಹೆಚ್ಚು ಅಕ್ಕಿ ತಂದ. ಲಕ್ಕಮ್ಮ ಹಿಗ್ಗಲಿಲ್ಲ, ಹೆಚ್ಚಿನದನ್ನು ಅಲ್ಲೇ ಸುರಿದು ಬಾ ಎಂದಳು. ಮನೆಯ ಖರ್ಚಿಗೆ ಕೈ ಹಿಡಿತ ಕಲಿಸುವ ಕಥೆಯಾಗಿ ಇದನ್ನು ಹೇಳುವುದುಂಟು. ಅಷ್ಟೇ ಆದರೆ ಕಥೆ ಸಪ್ಪೆ. ಬಡತನದಲ್ಲೂ ಆ ಮನೆಯಲ್ಲಿ ದಾಸೋಹ ನಿಲ್ಲಲಿಲ್ಲ ಎಂಬುದು ಕಥೆಯ ಜೀವ. ಲಕ್ಕಮ್ಮ ಕಡಿತ ಮಾಡಿದ್ದು ನಾಳೆಗೆಂದು ಕೂಡಿಡುವ ಆಸೆಯನ್ನು, ಇಂದಿನ ಅತಿಥಿಯ ಪಾಲನ್ನಲ್ಲ. ಕಂತು ಕಟ್ಟುವ ಮನೆ ಇದನ್ನು ಹಾಗೇ ಅನುಸರಿಸಲಾಗದು, ನಾಳೆಯನ್ನು ಅದು ಆಗಲೇ ಬರೆದುಕೊಟ್ಟಿದೆ. ಆದರೆ 15 ಲಕ್ಷದ ಬದಲು 11 ಲಕ್ಷದ ಮನೆ ಸಾಕು ಎನ್ನುವ ಹಕ್ಕು ಸಹಿ ಹಾಕುವ ಮುನ್ನ ಅದಕ್ಕಿತ್ತು. ಅದೇ ಬಡ್ಡಿ, ಅದೇ ಅವಧಿಗೆ ಕಂತಿನಲ್ಲಿ ಉಳಿಯುತ್ತಿದ್ದದ್ದು ತಿಂಗಳಿಗೆ 3,471 ರೂಪಾಯಿ. ಅಜ್ಜಿಯ ಕಣ್ಣು, ತಂಗಿಯ ಹಬ್ಬ, ಅಪ್ಪನ ತಿಥಿ ಮೂರೂ ಅದರಲ್ಲಿ ನಡೆಯುತ್ತಿದ್ದವು.

ಇದಕ್ಕೆಲ್ಲ ನಗುವವನು ಚಾರ್ವಾಕ. ಸಾಲ ಮಾಡಿಯಾದರೂ ತುಪ್ಪ ಕುಡಿ, ಬೂದಿಯಾದ ದೇಹ ಮರಳಿ ಬರುವುದುಂಟೇ ಎಂಬ ಅವನ ಮಾತನ್ನು ನಮಗೆ ಉಳಿಸಿಕೊಟ್ಟದ್ದು ಹದಿನಾಲ್ಕನೇ ಶತಮಾನದ ವಿಜಯನಗರದ ಮಾಧವಾಚಾರ್ಯರ ‘ಸರ್ವದರ್ಶನಸಂಗ್ರಹ’, ಅದೂ ಖಂಡಿಸುವ ನೆಪದಲ್ಲಿ. ಬ್ಯಾಂಕಿನವರು ಚಾರ್ವಾಕನನ್ನು ಚೆನ್ನಾಗಿ ಓದಿಕೊಂಡಿದ್ದಾರೆ. ದೇಹ ಬೂದಿಯಾಗುತ್ತದೆಂದು ಗೊತ್ತಿರುವುದರಿಂದಲೇ ಸಹ-ಸಾಲಗಾರನ ಸಹಿ ಕೇಳುತ್ತಾರೆ.

ಅಪ್ಪನ ಸಾಲ ಮಗ ತೀರಿಸದಿದ್ದರೆ ಅಪ್ಪನಿಗೆ ಸದ್ಗತಿಯಿಲ್ಲ ಎಂದು ಧರ್ಮಶಾಸ್ತ್ರ ಹೇಳಿತ್ತು, ಕೋರ್ಟುಗಳೂ ಆ ಹೊಣೆಯನ್ನು ಒಪ್ಪಿ ಮಗನ ಮೇಲೆ ಡಿಕ್ರಿ ಕೊಡುತ್ತಿದ್ದವು. 2005ರ ಸೆಪ್ಟೆಂಬರ್ 9ರಂದು ಜಾರಿಗೆ ಬಂದ ಹಿಂದೂ ಉತ್ತರಾಧಿಕಾರ ತಿದ್ದುಪಡಿ ಕಾಯ್ದೆ ಆಮೇಲಿನ ಸಾಲಗಳ ಮಟ್ಟಿಗೆ ಅದನ್ನು ಕೊನೆಗೊಳಿಸಿತು. ಈಗ ಐವತ್ತು ದಾಟಿದ ತಂದೆ ಗೃಹಸಾಲಕ್ಕೆ ಹೋದರೆ ದುಡಿಯುವ ಮಗನನ್ನೋ ಮಗಳನ್ನೋ ಜೊತೆಗೆ ಕರೆತನ್ನಿ ಎನ್ನುತ್ತಾರೆ. ಇಪ್ಪತ್ನಾಲ್ಕರ ಮಗ ಇಪ್ಪತ್ತು ವರ್ಷದ ಪತ್ರದ ಪುಟಪುಟಕ್ಕೂ ಸಹಿ ಹಾಕುತ್ತಾನೆ. ಅವನ ಮದುವೆ, ಅವನದೇ ಊರು, ಅವನದೇ ಮನೆ ಆ ಹೊತ್ತಿಗೆ ಇನ್ನೂ ಲೆಕ್ಕಕ್ಕೆ ಬಂದಿರುವುದಿಲ್ಲ.