ಮುದ್ರಾರಾಕ್ಷಸದಲ್ಲಿ ಗೆದ್ದವರು ಯಾರು?

ನಾಟಕದ ಪಾತ್ರಗಳಲ್ಲಿ ಪರಸ್ಪರ ವಿರೋಧವುಂಟಾದಾಗ, ಒಬ್ಬನನ್ನು ಸಜ್ಜನನೆಂದೂ ಮತ್ತೊಬ್ಬನನ್ನು ದುರ್ಜನನೆಂದೂ ವಿಂಗಡಿಸಿ ತೀರ್ಪು ಹೇಳಿಬಿಡುವುದು ವಿಮರ್ಶಕರಲ್ಲಿ ರೂಢಿಯಾಗಿದೆ. ರಾಮನ ಎದುರಿಗೆ ರಾವಣನೂ ಭೀಮನ ಎದುರಿಗೆ ದುಃಶಾಸನನೂ ನಿಂತಿರುವಲ್ಲಿ ಈ ವಿಂಗಡಣೆ ಕಷ್ಟವಾದುದಲ್ಲ. ಆದರೆ ಎದುರಾಳಿಗಳಿಬ್ಬರೂ ಸ್ವಾಮಿಭಕ್ತರು, ಇಬ್ಬರೂ ತಮಗಾಗಿ ಏನನ್ನೂ ಬಯಸದವರು, ಇಬ್ಬರೂ ಸಮಾನ ಬುದ್ಧಿಶಾಲಿಗಳು ಎಂದಾದರೆ ತೀರ್ಪಿನ ಗತಿಯೇನು? ವಿಶಾಖದತ್ತನ ಮುದ್ರಾರಾಕ್ಷಸವು ಈ ಪ್ರಶ್ನೆಯನ್ನೇ ಎತ್ತುತ್ತದೆ. ಇದು 7 ಅಂಕಗಳ ನಾಟಕ. ಇದರಲ್ಲಿ ನಾಯಿಕೆಯಿಲ್ಲ, ಶೃಂಗಾರವಿಲ್ಲ. ಇಬ್ಬರು ಮಂತ್ರಿಗಳ ನಡುವಣ ಸ್ಪರ್ಧೆಯೇ ಇದರ ವಸ್ತು. ಕೆಂಪುನಾರಾಯಣನು 1823ರಲ್ಲಿ ರಚಿಸಿದ ಮುದ್ರಾಮಂಜೂಷದ ಮೂಲಕ ಈ ಕಥೆಯು ಕನ್ನಡಿಗರ ಮನೆಗಳಿಗೂ ಪರಿಚಿತವಾಗಿದೆ.

ಚಾಣಕ್ಯನು ನಂದರನ್ನು ನಿರ್ಮೂಲಮಾಡಿ ಚಂದ್ರಗುಪ್ತನನ್ನು ಸಿಂಹಾಸನದಲ್ಲಿ ಕುಳ್ಳಿರಿಸಿದ್ದಾನೆ. ನಂದರ ಅಮಾತ್ಯನಾದ ರಾಕ್ಷಸನು ಪರ್ವತಕನ ಮಗನಾದ ಮಲಯಕೇತುವನ್ನು ಆಶ್ರಯಿಸಿ, ಹಗೆ ತೀರಿಸಲು ಹವಣಿಸುತ್ತಿದ್ದಾನೆ. ಅವನನ್ನು ಕೊಲ್ಲುವುದು ಚಾಣಕ್ಯನ ಉದ್ದೇಶವಲ್ಲ. ಅವನನ್ನೇ ಚಂದ್ರಗುಪ್ತನ ಮಂತ್ರಿಯನ್ನಾಗಿ ಮಾಡಬೇಕೆಂಬುದು ಉದ್ದೇಶ. ಸತ್ತ ಒಡೆಯನಿಗಾಗಿ, ಪ್ರತಿಫಲದ ಆಸೆಯಿಲ್ಲದೆ ಇಷ್ಟು ಶ್ರಮಿಸುವವನು ಬದುಕಿರುವ ಒಡೆಯನಿಗೆ ದೊರೆತರೆ ರಾಜ್ಯವು ಸ್ಥಿರವಾದೀತೆಂದು ಅವನ ಎಣಿಕೆ. ಆದಕಾರಣ ಇಲ್ಲಿ ವಿರೋಧದ ಬೇರು ದ್ವೇಷದಲ್ಲಿಲ್ಲ, ಗುಣಗ್ರಹಣದಲ್ಲಿದೆ.

ಚಾಣಕ್ಯನು ಎದುರಾಳಿಯ ದೋಷಗಳನ್ನು ಹುಡುಕುವುದಿಲ್ಲ. ಅವನ ಗುಣಗಳನ್ನೇ ಹಿಡಿಯಾಗಿ ಮಾಡಿಕೊಳ್ಳುತ್ತಾನೆ. ರಾಕ್ಷಸನು ಊರು ಬಿಡುವಾಗ ಹೆಂಡತಿಯ ಸಮಾಧಾನಕ್ಕಾಗಿ ತನ್ನ ಮುದ್ರೆಯುಂಗುರವನ್ನು ಅವಳಲ್ಲಿ ಬಿಟ್ಟಿದ್ದನು. ಅವಳು ರತ್ನವರ್ತಕನಾದ ಚಂದನದಾಸನ ಮನೆಯಲ್ಲಿ ಅಡಗಿರುವಾಗ, ಹೊರಗೋಡಿದ ಮಗುವನ್ನು ಒಳಕ್ಕೆಳೆದುಕೊಳ್ಳುವ ಗಡಿಬಿಡಿಯಲ್ಲಿ ಆ ಉಂಗುರವು ಬೆರಳಿನಿಂದ ಜಾರಿತು. ಯಮಪಟವನ್ನು ತೋರಿಸುತ್ತ ಅಲ್ಲಿಗೆ ಬಂದಿದ್ದ ಗೂಢಚಾರನ ಕೈಗೆ ಅದು ಸಿಕ್ಕಿತು. ಪತಿಯ ಪ್ರೀತಿ, ತಾಯಿಯ ಕಳವಳ, ಮಿತ್ರನ ಆಶ್ರಯದಾನ ಈ ಮೂರೂ ಸೇರಿ ಶತ್ರುವಿಗೆ ಆಯುಧವಾದುವು. ಆ ಮುದ್ರೆಯೊತ್ತಿದ ಕಪಟಪತ್ರದಿಂದಲೇ ಮಲಯಕೇತುವು ರಾಕ್ಷಸನನ್ನು ದ್ರೋಹಿಯೆಂದು ನಂಬಿ ದೂರಮಾಡಿದನು.

ಹೀಗೆ ಏಕಾಕಿಯಾದ ರಾಕ್ಷಸನಿಗೆ ಚಂದನದಾಸನ ವಧೆಯ ಸುದ್ದಿಯನ್ನು ಮುಟ್ಟಿಸಲಾಗುತ್ತದೆ. ಅವನು ಕತ್ತಿಯನ್ನೆಳೆದು ಹೊರಡುತ್ತಾನೆ. ಆಯುಧಪಾಣಿಯನ್ನು ಕಂಡರೆ ವಧಕಾರರು ಕೈದಿಯನ್ನು ಆಗಲೇ ಕೊಂದುಬಿಡುವರೆಂದು ತಿಳಿದೊಡನೆ ಆ ಕತ್ತಿಯನ್ನು ಬಿಟ್ಟು, ಮಿತ್ರನಿಗೆ ಬದಲಾಗಿ ತನ್ನ ತಲೆಯನ್ನೊಪ್ಪಿಸಲು ಬರಿಗೈಯಲ್ಲಿ ನಡೆಯುತ್ತಾನೆ. ಅಲ್ಲಿ ಚಾಣಕ್ಯನು ಅವನಿಗೆ ನಮಸ್ಕರಿಸಿ, ಚಂದನದಾಸನು ಬದುಕಬೇಕಾದರೆ ಮಂತ್ರಿಪದದ ಶಸ್ತ್ರವನ್ನು ಸ್ವೀಕರಿಸಬೇಕೆಂದು ಹೇಳುತ್ತಾನೆ. ಸಾಯಲು ಸಿದ್ಧನಾಗಿ ಬಂದವನಿಗೆ ಸಾವಿಗಿಂತ ಕಠಿನವಾದುದನ್ನು ಮುಂದಿಟ್ಟಂತಾಯಿತು. ರಾಕ್ಷಸನು ಒಪ್ಪುತ್ತಾನೆ.

ಇಲ್ಲಿ ಪೂರ್ವಪಕ್ಷವೊಂದುಂಟು. ಒಡೆಯನ ಕುಲವನ್ನು ಅಳಿಸಿದವರ ಸೇವೆಗೆ ನಿಂತವನು ಸ್ವಾಮಿಭಕ್ತನೆಂತಾದಾನು? ಮಿತ್ರನನ್ನು ಕಳೆದುಕೊಂಡಾದರೂ ವ್ರತವನ್ನುಳಿಸಿಕೊಳ್ಳುವುದೇ ಧೀರನ ಲಕ್ಷಣವಲ್ಲವೆ?

ಇದಕ್ಕೆ ಸಮಾಧಾನವೇನೆಂದರೆ: ವ್ರತವನ್ನು ಹಿಡಿದವನು ಅದರ ಬೆಲೆಯನ್ನು ತಾನೇ ತೆರಬೇಕು. ರಾಕ್ಷಸನು ತನ್ನ ಪದವಿಯನ್ನೂ ಸಂಸಾರಸುಖವನ್ನೂ ಕಡೆಗೆ ಪ್ರಾಣವನ್ನೂ ತೆರಲು ಸಿದ್ಧನಾಗಿದ್ದನು. ಅಷ್ಟರವರೆಗೆ ಅವನ ವ್ರತವು ಶುದ್ಧವಾಗಿತ್ತು. ಆದರೆ ಸತ್ತವರ ಋಣವನ್ನು ಬದುಕಿರುವ ಇನ್ನೊಬ್ಬನ ಕೊರಳಿನಿಂದ ತೀರಿಸುವ ಅಧಿಕಾರವು ಅವನಿಗಿರಲಿಲ್ಲ. ಅಲ್ಲದೆ, ಆ ಭಕ್ತಿಯನ್ನು ಸ್ವೀಕರಿಸಲು ನಂದಕುಲದಲ್ಲಿ ಯಾರೂ ಉಳಿದಿರಲಿಲ್ಲ. ಅಂತಹ ವ್ರತವನ್ನು ಪರರ ಪ್ರಾಣವ್ಯಯದಿಂದ ಮುಂದುವರಿಸಿದ್ದರೆ, ಅದು ಭಕ್ತಿಯ ಹೆಸರಿನ ಅಭಿಮಾನವಾಗುತ್ತಿತ್ತು. ರಾಕ್ಷಸನು ಬಿಟ್ಟುಕೊಟ್ಟುದು ಧರ್ಮವನ್ನಲ್ಲ, ತಾನು ಧರ್ಮನಿಷ್ಠನೆಂಬ ಕೀರ್ತಿಯನ್ನು.

ಹಾಗಾದರೆ ಚಾಣಕ್ಯನು ನಿರ್ದೋಷಿಯೇ? ಅವನು ಗೆದ್ದ ಪದವಿಯನ್ನು ತಾನು ಅನುಭವಿಸದೆ ಸೋತವನಿಗೆ ಒಪ್ಪಿಸಿ, ಪ್ರತಿಜ್ಞೆ ತೀರಿತೆಂದು ಜುಟ್ಟನ್ನು ಕಟ್ಟಿಕೊಳ್ಳುತ್ತಾನೆ. ಈ ವೈರಾಗ್ಯವನ್ನು ಕಂಡು ಅವನ ಸಕಲ ಕೃತ್ಯಗಳನ್ನೂ ಮನ್ನಿಸುವವರುಂಟು. ಆದರೆ ಐದನೆಯ ಅಂಕವನ್ನು ಮರೆಯಲಾಗದು. ಕಪಟಪತ್ರವನ್ನು ನಂಬಿದ ಮಲಯಕೇತುವು ತನ್ನ ಪಕ್ಷದ 5 ಮಂದಿ ಅರಸರನ್ನು ಕೊಲ್ಲಿಸುತ್ತಾನೆ. ಭೂಮಿಯನ್ನು ಬಯಸಿದರೆಂದು ಮೂವರನ್ನು ಹಳ್ಳದಲ್ಲಿ ಹೂಳಲು, ಗಜಬಲವನ್ನು ಬಯಸಿದರೆಂದು ಇಬ್ಬರನ್ನು ಆನೆಯಿಂದ ತುಳಿಸಲು ಆಜ್ಞೆಯಾಗುತ್ತದೆ. ಪತ್ರದಲ್ಲಿ ಹೇಳಿದ ಅಪರಾಧವನ್ನು ಅವರು ಮಾಡಿರಲಿಲ್ಲ. ನಾಟಕದ ಮಂಗಳಾಂತ್ಯದಲ್ಲಿ ಅವರ ನೆನಪು ಯಾರಿಗೂ ಇಲ್ಲ. ರಾಕ್ಷಸನೂ ಈ ವಿಷಯದಲ್ಲಿ ಹಗುರವಾದ ಕೈಯವನಲ್ಲ. ಚಂದ್ರಗುಪ್ತನ ಮೇಲೆ ಅವನು ಪ್ರಯೋಗಿಸಿದ ವಿಷಕನ್ಯೆಯಿಂದ ಪರ್ವತಕನು ಸತ್ತನು. ನಿಸ್ಸ್ವಾರ್ಥತೆಯು ಮನಸ್ಸಿನ ಮಲವನ್ನು ತೊಳೆದೀತೇ ಹೊರತು ಕೈಗಂಟಿದ ರಕ್ತವನ್ನು ತೊಳೆಯದು. ತನಗಾಗಿ ಏನನ್ನೂ ಬಯಸದವನು, ಪರರಿಂದ ಎಲ್ಲವನ್ನೂ ಕಸಿದುಕೊಳ್ಳಬಹುದೆಂದು ಭಾವಿಸುವುದೇ ಮಹಾಪುರುಷರಿಗೆ ಒದಗುವ ಅಪಾಯ.

ಇವರಿಬ್ಬರ ನಡುವೆ, ರಾಜನೀತಿಯನ್ನರಿಯದ ಚಂದನದಾಸನು ನಿಂತಿದ್ದಾನೆ. ರಾಕ್ಷಸನ ಮನೆಯವರನ್ನು ಒಪ್ಪಿಸೆಂದು ಕೇಳಿದಾಗ ಅವನು ಒಪ್ಪಿಸಲಿಲ್ಲ. ಅವನಲ್ಲಿ ತಂತ್ರವಿಲ್ಲ, ಗೂಢಚಾರರಿಲ್ಲ. ಕೊಡೆನೆಂಬ ಒಂದು ಮಾತು ಮಾತ್ರವಿದೆ. ಇಬ್ಬರು ಮಂತ್ರಿಗಳ ಬುದ್ಧಿಬಲವೆಲ್ಲವೂ ಕಡೆಗೆ ಈ ಒಂದು ಮಾತಿನ ಮೇಲೆಯೇ ನಿಂತಿತು. ಅವನು ಮಾತಿಗೆ ತಪ್ಪಿದ್ದರೆ ಚಾಣಕ್ಯನ ಉಪಾಯವು ಬೇರೊಂದು ದಾರಿಯನ್ನು ಹಿಡಿಯಬೇಕಾಗಿತ್ತು. ರಾಕ್ಷಸನೂ ಶಸ್ತ್ರವನ್ನು ಬಿಟ್ಟು ಬರುತ್ತಿರಲಿಲ್ಲ. ಹಾಗೆಂದು ಅವನ ಧರ್ಮವೂ ಸುಲಭವಾದುದಲ್ಲ. ವಧ್ಯಸ್ಥಾನಕ್ಕೆ ಹೆಂಡತಿಯೂ ಎಳೆಯ ಮಗನೂ ಅಳುತ್ತ ಬರುತ್ತಾರೆ; ಚಾಣಕ್ಯನಿಲ್ಲದ ದೇಶದಲ್ಲಿ ವಾಸಮಾಡೆಂದು ತಂದೆಯು ಮಗನಿಗೆ ಉಪದೇಶಿಸುತ್ತಾನೆ. ಮಿತ್ರಧರ್ಮದ ಭಾರದಲ್ಲಿ ಪಾಲೊಂದು ಆ ಮಗುವಿನ ಮೇಲೂ ಬಿತ್ತು. ಆದರೆ ವರ್ತಕನಿಗೂ ಮಂತ್ರಿಗಳಿಗೂ ಇರುವ ಭೇದವೇನೆಂದರೆ, ಅವನು ಮೊದಲು ತನ್ನ ಕತ್ತನ್ನು ಮುಂದೊಡ್ಡಿದನು. ಅವರು ಮೊದಲು ಪರರ ಕತ್ತನ್ನು ಎಣಿಸಿದರು.

ಆದುದರಿಂದ ಪಾತ್ರಗಳ ವಿರೋಧವನ್ನು ವಿವೇಚಿಸುವವನು ಗೆದ್ದವನಾರೆಂದು ಕೇಳಿ ಸುಮ್ಮನಾಗಬಾರದು. ಪ್ರತಿಯೊಬ್ಬನೂ ಯಾವುದನ್ನು ಧರ್ಮವೆಂದು ಹಿಡಿದನು, ಅದಕ್ಕಾಗಿ ಏನನ್ನು ತೆತ್ತನು, ತೆತ್ತುದು ತನ್ನದೋ ಪರರದೋ ಎಂಬುದನ್ನು ವಿಚಾರಿಸಬೇಕು. ರಂಗದ ಮೇಲೆ ಚಾಣಕ್ಯನು ಗೆದ್ದನು, ರಾಕ್ಷಸನು ಮಂತ್ರಿಯಾದನು, ಚಂದನದಾಸನು ನಗರಗಳಿಗೆಲ್ಲ ಶ್ರೇಷ್ಠಿಯಾದನು. ಕವಿಯು ಎಲ್ಲರಿಗೂ ಸಲ್ಲಬೇಕಾದುದನ್ನು ಸಲ್ಲಿಸಿದನು. ಹೂಳಲ್ಪಟ್ಟ ಅರಸರ ಲೆಕ್ಕವನ್ನು ಮಾತ್ರ ಸಹೃದಯರಿಗೆ ಬಿಟ್ಟಿದ್ದಾನೆ.